ಕ್ಯಾಸೆಟ್ಟಿನ ಇನ್ನೊಂದು ಬದಿ

ಚೆಂಬೂರು
೧೨ ಜುಲೈ ೧೯೯೦

ದೊಡ್ಡಪ್ಪನವರಿಗೆ ವೈಜಯಂತಿಯ ನಮಸ್ಕಾರಗಳು.

ಬೆಂಗಳೂರಿನ ಗಂಡಿನ ಮನೆಯವರು ಕೇಳಿದರೆಂದು ಭಾನುವಾರ ನನ್ನಿಂದ ದೇವರನಾಮ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಹೋದಿರಿ. ಅದಕ್ಕೆ ಬಳಸಿದ್ದು ನನ್ನ ರ‍್ಯಾಪ್ ಕ್ಯಾಸೆಟ್ ಎಂದು ಖಾಲಿ ಡಬ್ಬಿ ನೋಡಿದಾಗ ಗೊತ್ತಾಯಿತು. ಯಾರೂ ಅಳಿಸಬಾರದೆಂದೇ ಅದರ ಬೆನ್ನಿನ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದೆ. ಆ ತೂತಿಗೆ ಕಾಗದ ತುರುಕದೆ ರೆಕಾರ್ಡ್ ಗುಂಡಿ ಒತ್ತಲಾಗದು. ಆದ್ದರಿಂದ ಗೊತ್ತಿಲ್ಲದೆ ಆಯಿತು ಎನ್ನಬೇಡಿ.

"ಇದೇನೇ ಹಾಡು? ನಲ್ಲಿ ಹತ್ರ ಜಗಳ ಆಡಿದ ಹಾಗಿದೆ" ಎಂದು ಅವತ್ತು ಆ ಕ್ಯಾಸೆಟ್ ಕೇಳಿ ನಕ್ಕಿರಿ. ಹೌದು, ಜಗಳವೇ. ಅದರಲ್ಲಿ ಹಾಡುವ ಅಮೆರಿಕದ ಹುಡುಗರು ತಮ್ಮ ಬೀದಿಯಲ್ಲಿ ಕಂಡದ್ದನ್ನು ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ; ನಡುವೆ ಬಾಯಿ ಹಾಕಲು ಯಾರಿಗೂ ಜಾಗ ಕೊಡುವುದಿಲ್ಲ. ನಮ್ಮ ಮನೆಯಲ್ಲಿ "ಈಗಲೇ ಮದುವೆ ಬೇಡ" ಎಂಬ ಮೂರು ಪದಗಳನ್ನು ಮುಗಿಸಲು ನನ್ನನ್ನು ಯಾರೂ ಬಿಟ್ಟಿಲ್ಲ.

ಕ್ಯಾಸೆಟ್ಟನ್ನು ಪೋಸ್ಟ್ ಮಾಡಿದ್ದರೆ ವಾಪಸ್ ತರಿಸಬೇಡಿ. ಅವತ್ತು ನೀವು ಅದನ್ನು ತಿರುಗಿಸಿ ಹಾಕಲಿಲ್ಲ. ಇನ್ನೊಂದು ಬದಿಯಲ್ಲಿ ಆ ಹುಡುಗರ ಹಾಡು ಹಾಗೇ ಇದೆ. ಅದನ್ನೂ ಪೂರ್ತಿ ಕೇಳಬೇಕು, ನಾನು ದಿನಾ ಕೇಳುವುದು ಅದನ್ನೇ ಎಂದು ಗಂಡಿನ ತಾಯಿಗೆ ಇವತ್ತು ಕಾರ್ಡು ಹಾಕಿದ್ದೇನೆ.

ದೊಡ್ಡಮ್ಮನ ಮಂಡಿನೋವಿನ ಎಣ್ಣೆಯನ್ನು ಅಪ್ಪನ ಕೈಯಲ್ಲಿ ಕಳಿಸಿದ್ದೇನೆ.

ನಿಮ್ಮ ತಮ್ಮನ ಮಗಳು,
ವೈಜಯಂತಿ