ಚುಕ್ಕೆಗಳ ನಡುವೆ ಎರಡು ಸಾಲು ಇಟ್ಟಿಗೆ

ಶೀನಣ್ಣ,

ಚಾಮರಾಜಪೇಟೆಯಲ್ಲಿ ಈಗ ನಿಮ್ಮ ರಿಪೇರಿ ಅಂಗಡಿಯೂ ಇಲ್ಲ, ನೀವೂ ಇಲ್ಲ. ಆದರೂ ಇವತ್ತು ಬೆಳಿಗ್ಗೆ ನಡೆದದ್ದನ್ನು ನಿಮಗೇ ಹೇಳಬೇಕು.

ರೈಫಲ್ ಕ್ಲಬ್ಬಿಗೆ ಹೊಸದಾಗಿ ಸೇರಿದ ಸುಪ್ರಜಾಗೆ ನಾನೇ ಕಲಿಸುತ್ತಿದ್ದೇನೆ. ನೀವು ರಿಪೇರಿ ಮಾಡಿದ್ದ ಸ್ಕೋಪನ್ನು ನನ್ನ ರೈಫಲಿನಿಂದ ಬಿಚ್ಚಿ ಕೊಟ್ಟು, ನಮ್ಮ ತಾರಸಿಯಿಂದ ಹಿಂದಿನ ರಸ್ತೆಯ ಇಟ್ಟಿಗೆ ಗೋಡೆಯನ್ನು ನೋಡಲು ಹೇಳಿದೆ. ಝೂಮ್ ಹನ್ನೆರಡರಲ್ಲಿದ್ದಾಗ ಗಾಜಿನೊಳಗೆ ಗುರಿ ಅಳೆಯಲು ಇರುವ ಎರಡು ಚುಕ್ಕೆಗಳ ನಡುವೆ ಒಂದು ಸಾಲು ಇಟ್ಟಿಗೆ ಕಂಡಿತು. ಅವಳು ಆರಕ್ಕೆ ಇಳಿಸಿದಳು.

“ಸರ್, ಗೋಡೆ ಚಿಕ್ಕದಾಯ್ತು, ಚುಕ್ಕೆಗಳು ಹಂಗೇ ಇವೆ. ಈಗ ಮಧ್ಯದಲ್ಲಿ ಎರಡು ಸಾಲು ಬರ್ತಿದೆ.”

ನಾನೂ ಕಣ್ಣಿಟ್ಟು ನೋಡಿದೆ. ಚುಕ್ಕೆಗಳ ಅಳತೆ ಹನ್ನೆರಡರಲ್ಲಿ ಮಾತ್ರ ಸರಿ ಎಂದು ನನಗೆ ಗೊತ್ತಾದದ್ದು ಆಗಲೇ.

ಆ ಪಂದ್ಯದಲ್ಲಿ ಈ ಚುಕ್ಕೆಗಳ ಲೆಕ್ಕದಲ್ಲೇ ಹೊಡೆದು ಗುರಿ ತಪ್ಪಿದಾಗ, ಶೀನಣ್ಣ ಸ್ಕೋಪ್ ಕೆಡಿಸಿಟ್ಟಿದ್ದಾರೆ ಎಂದು ಎಲ್ಲರೆದುರು ಹೇಳಿದವನು ನಾನು. ಆಮೇಲೆ ಕ್ಲಬ್ಬಿನವರು ಯಾರೂ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನೀವು ಕೇಳಿದ್ದು ಒಂದೇ ಮಾತು: “ಝೂಮ್ ಎಷ್ಟರಲ್ಲಿ ಇಟ್ಕೊಂಡು ಹೊಡ್ದೆ?” ನನ್ನನ್ನೇ ಪರೀಕ್ಷೆ ಮಾಡುತ್ತೀರಾ ಎಂಬ ಸಿಟ್ಟಿನಲ್ಲಿ ಉತ್ತರ ಕೊಡದೆ ಎದ್ದು ಬಂದಿದ್ದೆ.

“ನಿಮಗಿದು ಮೊದಲೇ ಗೊತ್ತಿತ್ತಲ್ವಾ ಸರ್?” ಎಂದಳು ಸುಪ್ರಜಾ.

ಹೂಂ ಎಂದೆ.

ಆರರಲ್ಲಿ, ಶೀನಣ್ಣ. ಆರರಲ್ಲಿ ಇಟ್ಟಿದ್ದೆ.