ಬಂಗಾರದ ಜಿಂಕೆಯ ಪಾರ್ಟು

ಫಾರ್ಮಿಂಗ್ಟನ್ ಹಿಲ್ಸ್
೨ ನವೆಂಬರ್ ೨೦೦೩, ಭಾನುವಾರ

ಲತಾಶ್ರೀ,

'ಪ್ರೀತಿಯ' ಅಂತ ಬರೆಯೋಕೆ ಇವತ್ತು ಕೈ ಬರುತ್ತಿಲ್ಲ, ತಪ್ಪು ತಿಳಿಯಬೇಡ. ತಿಳಿದರೂ ತಿಳಿದುಕೋ. ಫೋನಿನಲ್ಲಾದರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಕಾಗದ.

ನಿನ್ನೆ ರಾಜ್ಯೋತ್ಸವದ ನಾಟಕದ ರಿಹರ್ಸಲ್‌ಗೆ ಹಾದಿಯಾನ ನಾರ್ತ್‌ವಿಲ್‌ಗೆ, ನಿಮ್ಮನೆ ಬೇಸ್‌ಮೆಂಟಿಗೆ ಕರಕೊಂಡು ಬಂದರೆ, ಅವಳ ಕೈಗೆ ಜಿಂಕೆಯ ಮುಖವಾಡ ಕೊಟ್ಟೆಯಲ್ಲ, ನನಗೊಂದು ಮಾತು ಮೊದಲೇ ಹೇಳೋಕಾಗಲಿಲ್ಲವಾ? ಬೇಸಿಗೆಯಿಂದ ನನ್ನ ಮಗಳು ಸೀತೆ. ಸ್ಕೂಲ್ ಬಸ್ಸಿನಲ್ಲೂ ಸೀತೆಯ ಮಾತನ್ನೇ ಗುನುಗುತ್ತಿದ್ದಳು. ಕೇಳಿದ್ದಕ್ಕೆ ನೀನು, ಸೀರೆ ಅವಳಿಗೆ ಉದ್ದವಾಯ್ತು ಅಂದೆ. ಆ ಸೀರೆಯನ್ನ ಅವಳ ಅಳತೆಗೆ ಮಡಿಚಿ ಹೊಲಿದವಳೇ ನಾನು ಕಣೇ. ಹೊಲಿದವಳ ಮುಂದಾದರೂ ಬೇರೆ ಸುಳ್ಳು ಹೇಳಬೇಕಿತ್ತು.

ಆಮೇಲೆ ನನ್ನನ್ನ ಅಡುಗೆಮನೆಗೆ ಕರೆದು ನಿಜ ಹೇಳಿದೆ. ಸಂಘದ ಬದರೀನಾಥ ಅಂಕಲ್‌ಗೆ ಸೀತೆ 'ನಮ್ಮ ಹುಡುಗಿ'ಯೇ ಆಗಬೇಕಂತೆ. ಹಾಗಾಗಿ ಈಗ ನಿನ್ನ ಮಗಳು ಮಂಜರಿ ಸೀತೆ. ಬಂಗಾರದ ಜಿಂಕೆಯೂ ಮುಖ್ಯ ಪಾರ್ಟೇ ಅಂತ ಬೇರೆ ಸಮಾಧಾನ. ಲತಾ, ಆ ಜಿಂಕೆ ಯಾರು ಅಂತ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ವೇಷ ಹಾಕಿಕೊಂಡು ಮೋಸ ಮಾಡೋಕೆ ಬಂದ ರಾಕ್ಷಸ ಅದು. ಹುಡುಕಿ ಹುಡುಕಿ ಅದನ್ನೇ ಕೊಟ್ಟಿರಲ್ಲ, ನಿಮಗೆ ಹೊಳೆಯಲೇ ಇಲ್ಲವೋ, ಹೊಳೆದೇ ಕೊಟ್ಟಿರೋ?

ಚನ್ನಪಟ್ಟಣದಲ್ಲಿ ನಾಟಕದ ರಾವಣನಿಗೆ ಹಗುರ ಮರದಲ್ಲಿ ತಲೆ ಕಡೆದು, ಅರಗಿನ ಬಣ್ಣ ಹಚ್ಚಿ ಕೊಡುತ್ತಿದ್ದದ್ದು ನಮ್ಮ ಅಬ್ಬಾ. ಮುಂದಿನ ಚಾಪೆಯಲ್ಲಿ ಕೂತು, ಸೀತೆ ಬೆಂಕಿಗೆ ಇಳಿಯುವಾಗ ಗೊಳೋ ಅಂತ ಅತ್ತವಳು ನಾನು. ಯಾರ ಹುಡುಗಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಅದನ್ನ ಕೇಳಿಸಿಕೊಳ್ಳೋಕೆ ಡೆಟ್ರಾಯಿಟ್‌ವರೆಗೆ ಬರಬೇಕಾಯಿತು.

ಹೊರಡುವಾಗ ನೀನು, "ಇದನ್ನೊಂದು ದೊಡ್ಡ ರಾಮಾಯಣ ಮಾಡಬೇಡ ನಜ್ಮಾ" ಅಂದೆ. ರಂಜಾನಿನ ರೋಜಾ ಇದ್ದೆ, ಉಪವಾಸದಲ್ಲಿ ಜಗಳ ಬೇಡ ಅಂತ ಬಾಯಿ ಕಟ್ಟಿಕೊಂಡು ಕಾರು ಹತ್ತಿದೆ. ಈಗ ಕೇಳು. ನಮ್ಮನೆಯವರು ಅಲೀಮ್ ಆಫೀಸಿನ ಗೋಳು ತೆಗೆದರೆ ನಾನು 'ನಿಮ್ಮ ರಾಮಾಯಣ ಸಾಕು ಮಾಡಿ' ಅಂತಲೇ ಅನ್ನೋದು. ಮಾತೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದರೂ ಅದೊಂದು ಕನ್ನಡದಲ್ಲೇ ಬಾಯಿಗೆ ಬರುತ್ತೆ. ಅದನ್ನ ಯಾವ ಅಂಕಲ್ ಬಂದು ಕಿತ್ಕೋತಾರೆ? ಹೌದು, ರಾಮಾಯಣವನ್ನೇ ಮಾಡ್ತೀನಿ.

ಬರೋ ಶನಿವಾರ ನಾಟಕಕ್ಕೆ ಹಾದಿಯಾ ಬಂದರೆ ಸೀತೆಯಾಗಿ ಬರುತ್ತಾಳೆ, ಇಲ್ಲದಿದ್ದರೆ ಬರೋದಿಲ್ಲ. ಅಂಕಲ್‌ಗೆ ಹಾಗಂತ ಹೇಳೋ ಧೈರ್ಯ ನಿನಗಿದೆಯಾ ಇಲ್ಲವಾ, ಅಷ್ಟು ತಿಳಿಸು. ಮುಖವಾಡವನ್ನ ಈ ಪಾರ್ಸೆಲ್‌ನಲ್ಲೇ ವಾಪಸ್ ಕಳಿಸಿದ್ದೇನೆ.

ಇನ್ನೂ ನಿನ್ನ ಗೆಳತಿಯೋ ಅಲ್ಲವೋ ಗೊತ್ತಿಲ್ಲದ,
ನಜ್ಮುನ್ನೀಸಾ

ತಾ.ಕ.: ಪಾರ್ಸೆಲ್‌ಗೆ ಟೇಪ್ ಹಚ್ಚುವಾಗ ನಿನ್ನ ಮಂಜರಿಯ ಫೋನ್ ಬಂತು. ಸೀತೆಯ ಮಾತು ಅವಳಿಗೆ ಬಾಯಿಪಾಠ ಆಗುತ್ತಿಲ್ಲವಂತೆ, ನಿನಗೆ ಗೊತ್ತಾಗದ ಹಾಗೆ ಹಾದಿಯಾ ಹತ್ತಿರ ಹೇಳಿಸಿಕೊಳ್ಳುತ್ತಿದ್ದಾಳೆ. ಫೋನ್ ಇಡು ಅನ್ನೋಕೆ ಹೋದವಳು ಬಾಗಿಲಲ್ಲೇ ನಿಂತೆ. ಬೆಂಕಿಯ ಸೀನ್ ನಡೆದಿತ್ತು. ನನ್ನ ಮಗಳು ಹೇಳುತ್ತಿದ್ದಳು: "ನೋ ಮಂಜರಿ, ಅಲ್ಲಿ ಸೀತಾ ಅಳಲ್ಲ. ಶಿ ಈಸ್ ಆಂಗ್ರಿ."