ಅಕ್ಕನ ಅಳತೆ

ಮಾರ್ಚ್ 3, ಸೋಮವಾರ

ಬೆಳಗ್ಗೆ ಎರಡು ಝಿಪ್ ಬದಲಾಯಿಸಿದೆ. ಆಮೇಲೆ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ನಮ್ಮಿಬ್ಬರ ಕುಪ್ಪಸದ ಬಟ್ಟೆ ಹರಡಿದೆ. ಅಕ್ಕ ಬಬಿರ್ಯೆಗೆಂದು ಬೇರೆ ಅಳತೆ ತೆಗೆದವಳೇ ಅಲ್ಲ ನಾನು. ನಾವು ಅವಳಿಗಳು. ನನ್ನ ಮೈಗೆ ಟೇಪು ಹಿಡಿದು ಎರಡು ಕತ್ತರಿಸಿದರೆ ಆಯಿತು. ಹೊಲಿಗೆ ಅಂಗಡಿ ಇಟ್ಟಾಗಿನಿಂದ ಹಾಗೇ.

ಮಧ್ಯಾಹ್ನ ಬ್ಯಾಂಕಿನಿಂದ ಬಂದವಳು, "ಈ ಸಲ ನಂದು ಬೇರೆ ತಗೋಳೇ ನಕಾಟೊ," ಅಂದಳು. ಭುಜದಿಂದ ಎದೆಯ ತುದಿಗೆ ನನಗಿಂತ ಮೂರು ಇಂಚು ಕಡಿಮೆ. ಟೇಪು ಜಾರಿತೆಂದು ಮತ್ತೆ ಹಿಡಿದೆ. ಅಷ್ಟೇ ಬಂತು. ಆಗ ಹೇಳಿದಳು. ಜನವರಿಯಲ್ಲಿ ನೈರೋಬಿಗೆ ಹೋದದ್ದು ತರಬೇತಿಗಲ್ಲವಂತೆ. ಜೋತ ಎದೆ ಎತ್ತಿಸುವ ಆಪರೇಷನ್‌ಗೆ.

ಒಂದೇ ಹೊಟ್ಟೆಯಲ್ಲಿ ಒತ್ತಿಕೊಂಡು ಇದ್ದವಳು. ನನಗೆ ಒಂದು ಮಾತು ಹೇಳಲಿಲ್ಲ.

ಚೆನ್ನಾಗಿದೆ ಅಂದೆ. ಒಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಮಾರ್ಚ್ 5

ಊಟಕ್ಕೆ ಕೂತಾಗ ನನ್ನ ಗಂಡ ಲುಬೆಗಾ ಅಂದ, "ನಿಮ್ಮಕ್ಕ ಇತ್ತೀಚೆಗೆ ಹತ್ತು ವರ್ಷ ಚಿಕ್ಕವಳಾಗಿ ಕಾಣ್ತಾಳೆ ಕಣೇ." ಬಾಯಲ್ಲಿ ಬಾಳೆಕಾಯಿ ಮುದ್ದೆ, ಕಣ್ಣು ಟಿವಿ ಕಡೆ. ಏನೂ ಗೊತ್ತಿಲ್ಲ ಅವನಿಗೆ.

ನನ್ನದೂ ಅದೇ ಮುಖ. ಮದುವೆಯಾಗಿ ಹದಿನಾರು ವರ್ಷ. ಮುಖ ಒಂದೇ ಆದರೆ ಇವನು ನೋಡಿದ್ದು ಎಲ್ಲಿ?

ಸ್ನಾನದ ಮನೆಯ ಕನ್ನಡಿ ಮುಂದೆ ನಿಂತು ಎರಡೂ ಕೈಯಿಂದ ಎತ್ತಿ ಹಿಡಿದೆ. ಬಬಿರ್ಯೆ ಕಂಡಳು. ಕೈ ಬಿಟ್ಟೆ. ನಾನು.

ಮಾರ್ಚ್ 11, ಮಂಗಳವಾರ

ಯಾರಿಗೂ ಹೇಳದೆ ಇಲ್ಲೇ ಕಂಪಾಲಾದ ಕ್ಲಿನಿಕ್ಕಿಗೆ ಹೋದೆ. ಡಾ. ಲಾಮುನು, ನನ್ನದೇ ವಯಸ್ಸಿನ ಹೆಂಗಸು. ಬೇಕಾದದ್ದು ಹೀಗೆ ಅಂತ ಫೋನಿನಲ್ಲಿ ಫೋಟೊ ತೋರಿಸಿದೆ. "ಇದು ನೀವೇ ಅಲ್ವಾ?" ಅಂದರು. ಅಕ್ಕ ಅಂದೆ. ಫೋನು ನನ್ನ ಕೈಗೆ ವಾಪಸ್ ಕೊಟ್ಟರು.

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ಎತ್ತುವುದು ಬೇರೆ, ದೊಡ್ಡದು ಮಾಡುವುದು ಬೇರೆ. ತೊಟ್ಟಿನ ಸುತ್ತ ಒಂದು ಗಾಯ, ಅಲ್ಲಿಂದ ಕೆಳಕ್ಕೆ ಒಂದು, ಬೇಕಾದರೆ ಅಡಿಯಲ್ಲಿ ಅಡ್ಡಕ್ಕೆ ಇನ್ನೊಂದು. ವರ್ಷದಲ್ಲಿ ಮಾಸುತ್ತದೆ, ಅಳಿಯುವುದಿಲ್ಲ. ಕೆಲವರಿಗೆ ಗಂಟುಗಟ್ಟುತ್ತದೆ. ತೊಟ್ಟಿನ ಸ್ಪರ್ಶ ಹೋಗಬಹುದು. ಮುಂದೆ ಮಕ್ಕಳಾದರೆ ಹಾಲು ಕಡಿಮೆಯಾಗಬಹುದು, ಬರದೆಯೂ ಇರಬಹುದು. ಇನ್ನೊಂದು ಮಗು ಬೇಕೆಂದಿದ್ದರೆ ಈಗ ಬೇಡ. ಮೈತೂಕ ಏರಿಳಿಯುತ್ತಿದ್ದರೂ ಬೇಡ. ಮೊದಲು ಸ್ತನದ ಎಕ್ಸ್‌ರೇ, ಮ್ಯಾಮೊಗ್ರಾಮ್ ಅನ್ನೋದು, ಆಗಬೇಕು. ಆದ ಮೇಲೆ ಕೆಲವು ವಾರ ಭಾರ ಎತ್ತುವಂತಿಲ್ಲ. ಇಷ್ಟೆಲ್ಲ ಆದರೂ ವಯಸ್ಸು ತನ್ನ ಕೆಲಸ ಬಿಡುವುದಿಲ್ಲ, ಮತ್ತೆ ಇಳಿಯುತ್ತದೆ.

ಕೊನೆಗೆ ಕೇಳಿದರು, "ನಿಮಗೆ ಯಾಕೆ ಬೇಕು?"

ಬಟ್ಟೆ ಸರಿಯಾಗಿ ಕೂರಲಿ ಅಂತ ಅಂದೆ. ಟೈಲರ್ ನಾನು. ಅದಕ್ಕಿಂತ ದೊಡ್ಡ ಸುಳ್ಳು ಹೊಳೆಯಲಿಲ್ಲ.

ಆಪರೇಷನ್‌ಗೆ ಏಪ್ರಿಲ್ ಕೊನೆಯಲ್ಲಿ ಒಂದು ದಿನ ನನ್ನ ಹೆಸರಿಗೆ ಗುರುತು ಹಾಕಿಕೊಂಡರು.

ಮಾರ್ಚ್ 26

ಬರೆದಿರಲಿಲ್ಲ. ಕೆಲಸ.

ಇವತ್ತು ಅವಳ ಕುಪ್ಪಸ ಮುಗಿಯಿತು. ಎದೆಯ ಅಡಿಯಲ್ಲಿ ಒಂದಿಂಚು ಒಳಗೆ ಹಿಡಿದು ಬಿಗಿ ಮಾಡಿದೆ. ಗೊತ್ತಿದ್ದೇ. ಚೂರು ಉಸಿರು ಕಟ್ಟಲಿ... ಅಷ್ಟೇ ಇದ್ದದ್ದು ಮನಸ್ಸಿನಲ್ಲಿ.

ಮಾರ್ಚ್ 29, ಶನಿವಾರ. ಸಂಜೆ

ನಿಶ್ಚಿತಾರ್ಥ. ಹುಡುಗನ ಕಡೆಯವರು ಕಾಣಿಕೆಯ ಬುಟ್ಟಿ ಹೊತ್ತು ಮಂಡಿಯೂರಿದ್ದರು. ಎಲ್ಲರ ಕಣ್ಣು ಬಬಿರ್ಯೆ ಮೇಲೆ. ಸೋದರತ್ತೆ ನನ್ನ ಭುಜ ತಟ್ಟಿ, "ನೀನ್ಯಾಕೆ ಹಿಂಗೆ ಸೊರಗಿದೀಯೆ?" ಅಂದರು. ಪಕ್ಕದಲ್ಲೇ ಇದ್ದ ಮಾವಂದಿರಿಗೂ ಕೇಳಿಸಿತು.

ಭಾಷಣದ ನಡುವೆ ಬಬಿರ್ಯೆ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಅಂಗೈ ತಣ್ಣಗಿತ್ತು. ಒಳಕೋಣೆಯ ಬಾಗಿಲು ಹಾಕಿ ಅವಳ ಕುಪ್ಪಸದ ಹುಕ್ ಬಿಚ್ಚಿದೆ. ಮೂರು ಗಾಯ ಸೇರುವ ಜಾಗದಲ್ಲಿ ಚರ್ಮ ಇನ್ನೂ ಮಾಗಿರಲಿಲ್ಲ. ನಾನು ಹಿಡಿದ ಹೊಲಿಗೆ ಸರಿಯಾಗಿ ಅಲ್ಲೇ ಉಜ್ಜಿ ರಕ್ತ ಜಿನುಗಿತ್ತು. ಎಡಗಡೆಯ ಗಾಯ ಹಗ್ಗದಂತೆ ದಪ್ಪ. ಆ ಕಡೆ ಮುಟ್ಟಿದರೂ ಏನೂ ಗೊತ್ತಾಗುವುದಿಲ್ಲವಂತೆ.

ಬಟ್ಟೆ ಒದ್ದೆ ಮಾಡಿ ಒರೆಸಿದೆ. ಯಾಕೆ ಮಾಡಿಸಿಕೊಂಡೆ ಅಂತ ಕೇಳಿದೆ.

"ನಿನ್ನವು ಮೂರು ಮಕ್ಕಳಿಗೆ ಹಾಲು ಕೊಟ್ಟು ಇಳಿದ್ವು," ಅಂದಳು. "ನನ್ನವು ಯಾರಿಗೂ ಏನೂ ಕೊಡದೆ ಇಳಿದ್ವು. ದಿನಾ ನೋಡೋಕಾಗ್ತಿರಲಿಲ್ಲ ಕಣೇ. ನಿಂಗೆ ಹೇಳಿದ್ರೆ ನೀನು ಬೇಡ ಅಂತಿದ್ದೆ. ಮಕ್ಕಳನ್ನ ಸೊಂಟದ ಮೇಲೆ ಇಟ್ಕೊಂಡು ಬೇಡ ಅಂತಿದ್ದೆ."

ಕುಪ್ಪಸ ತಿರುಗಿಸಿ ಹೊಲಿಗೆ ಬಿಚ್ಚತೊಡಗಿದೆ. ಅಳತೆ ತಪ್ಪಿತು ಅಕ್ಕ, ಅಂದೆ.

"ನೀನು ಅಳತೆ ತಪ್ಪೋಳಲ್ಲ," ಅಂದಳು. ಬೈಯಲಿಲ್ಲ. ನನ್ನ ಹೊದಿಕೆ ಸುತ್ತಿಕೊಂಡು ಅಲ್ಲೇ ಕೂತಳು.

ಏಪ್ರಿಲ್ 8

ಅವಳ ಗಾಯ ಒಣಗಿದೆ. ಫೋಟೊ ಕಳಿಸಿದಳು, ಕೇಳದೆಯೇ.

ಏಪ್ರಿಲ್ 14, ಸೋಮವಾರ

ಕ್ಲಿನಿಕ್ಕಿನಿಂದ ಫೋನ್. ದಿನ ಖಚಿತವಾ ಅಂತ. ಈಗ ಬೇಡ ಅಂದೆ. ಮುಂದೆ ನನಗೇ ಬೇಕೆನಿಸಿದರೆ ನಾನೇ ಬರುತ್ತೇನೆ ಅಂದೆ.

ಬಬಿರ್ಯೆಗೆ ಫೋನ್ ಮಾಡಿ ತಿಳಿಸಿದೆ. ಕ್ಲಿನಿಕ್ಕಿಗೆ ಹೋದದ್ದನ್ನೂ, ಫೋಟೊ ತೋರಿಸಿದ್ದನ್ನೂ.

"ಹೆದರಿದ್ಯಾ?"

ಇಲ್ಲ ಅಂದೆ. ನಿನ್ನ ಮೇಲೆ ಹೊಟ್ಟೆಕಿಚ್ಚು, ಈಗಲೂ ಇದೆ ಅಂದೆ.

"ನಂಗೂ ಇದೆ," ಅಂದಳು. "ನಿನ್ನ ಮೊದಲನೇ ಮಗು ಹುಟ್ಟಿದಾಗಿಂದ."

ಇಬ್ಬರೂ ನಕ್ಕೆವು. ನಾನು ನಿಲ್ಲಿಸಿದ ಮೇಲೂ ಆ ಕಡೆಯಿಂದ ಸದ್ದು ಬರುತ್ತಲೇ ಇತ್ತು. ಅದು ನಗುವಲ್ಲ, ಅಳು ಅಂತ ಗೊತ್ತಾಗುವಷ್ಟರಲ್ಲಿ ಅವಳು ಫೋನ್ ಇಟ್ಟಳು.